ನರಗುಂದದ ಗುಡ್ಡದಿಂದ ಗದುಗಿನ ಗುಡಿವರೆಗೆ: ಒಂದು ದಿನದ ಸುತ್ತಾಟ ಮಾಡಿಸೋದು ಹೇಗೆ

ಗದಗಿಗೆ ನೆಂಟರು ಬಂದರೆ ನಾವು ಸಾಮಾನ್ಯವಾಗಿ ವೀರನಾರಾಯಣನ ಗುಡಿ, ತ್ರಿಕೂಟೇಶ್ವರ ತೋರಿಸುತ್ತೇವೆ, ಟೈಮ್ ಇದ್ದರೆ ಲಕ್ಕುಂಡಿಗೂ ಕರೆದೊಯ್ಯುತ್ತೇವೆ. ಮೂರೂ ನೋಡಲೇಬೇಕಾದವು. ಆದರೆ ನರಗುಂದ ಮತ್ತು ಬೆಟಗೇರಿಯನ್ನೂ ಸೇರಿಸಿ, ಊರುಗಳನ್ನು ಸರಿಯಾದ ಕ್ರಮದಲ್ಲಿ ಹೊಂದಿಸಿಕೊಂಡರೆ, ಬೆಳಗಿನಿಂದ ರಾತ್ರಿಯೊಳಗೆ ಈ ಜಿಲ್ಲೆಯ ಸಾವಿರ ವರ್ಷದ ಕಾಳಗಗಳೂ ಕಾವ್ಯವೂ ಸಂಗೀತವೂ ಒಂದೇ ಕತೆಯ ಹಾಗೆ ಕಣ್ಣಮುಂದೆ ಬರುತ್ತವೆ.

ಅದಕ್ಕೆ ಒಂದು ಪ್ರಶ್ನೆ ಜೊತೆಗಿಟ್ಟುಕೊಳ್ಳಿ. ಪ್ರತಿ ಜಾಗದಲ್ಲೂ ಬಂದವರನ್ನು ಕೇಳಿ: ಇಲ್ಲಿ ಯಾರು ಮಡಿದರು, ಅವರನ್ನು ಯಾರು ನೆನಪಿಟ್ಟುಕೊಂಡರು? ಇಸವಿ, ರಾಜರ ಹೆಸರು ಎಲ್ಲ ಆಮೇಲೆ ತಾನಾಗಿ ಬರುತ್ತವೆ. ಮಕ್ಕಳಂತೂ ಈ ಪ್ರಶ್ನೆ ಹಿಡಿದುಕೊಂಡರೆ ಬಿಡೋದಿಲ್ಲ.

ಹೊರಡುವುದು ಹುಬ್ಬಳ್ಳಿಯಿಂದ ಅಂತ ಇಟ್ಟುಕೊಂಡು ಹೇಳುತ್ತೇನೆ, ಯಾಕೆಂದರೆ ಹೊರಗಿನಿಂದ ಬರುವವರು ಜಾಸ್ತಿ ಅಲ್ಲೇ ಇಳಿಯುತ್ತಾರೆ. ಬೆಳಿಗ್ಗೆ ಆರಕ್ಕೆ ಗಾಡಿ ಹೊರಡಬೇಕು. ಹತ್ತು ಜನ ಇದ್ದರೆ ಕ್ರೂಸರ್ ಸಾಕು, ಅದಕ್ಕಿಂತ ಜಾಸ್ತಿ ಇದ್ದರೆ ಟೆಂಪೋ ಟ್ರಾವೆಲರ್ ಹೇಳಿ. ಬಸ್ಸಿನಲ್ಲೂ ಹೋಗಬಹುದು, ನರಗುಂದಕ್ಕೂ ಗದಗಿಗೂ ವಾಯವ್ಯ ಸಾರಿಗೆ ಬಸ್ಸುಗಳಿವೆ. ಆದರೆ ಬಸ್ಸಾದರೆ ಐದು ಜಾಗ ಒಂದೇ ದಿನದಲ್ಲಿ ಆಗೋದು ಕಷ್ಟ, ಒಂದನ್ನು ಬಿಡಬೇಕಾಗುತ್ತದೆ. ವಿಜಯಪುರ ರಸ್ತೆ ಹಿಡಿದು ನವಲಗುಂದ ದಾಟಿದರೆ ನರಗುಂದ, ಸುಮಾರು 55 ಕಿಲೋಮೀಟರ್. ನವಲಗುಂದದ ಜಮಖಾನ ಕೊಳ್ಳುವ ಮನಸ್ಸಿದ್ದರೂ ಬೆಳಿಗ್ಗೆ ನಿಲ್ಲಬೇಡಿ. ಬಿಸಿಲೇರುವ ಮುಂಚೆ ಗುಡ್ಡ ಹತ್ತಬೇಕು, ಇಡೀ ದಿನದ ಲೆಕ್ಕ ನಿಂತಿರುವುದೇ ಅದರ ಮೇಲೆ.

ನರಗುಂದದ ಗುಡ್ಡ ದೂರದಿಂದಲೇ ಕಾಣುತ್ತದೆ. ಸುತ್ತ ಸಪಾಟು ಎರೆ ಹೊಲ, ಮಧ್ಯೆ ಒಂದೇ ಒಂದು ಗುಡ್ಡ. ಊರಿನ ಕಡೆಯಿಂದ ಮೇಲೆ ಹತ್ತಬಹುದು. ಮೇಲೆ ಕೋಟೆಯ ಉಳಿಕೆ ಬಹಳ ಇಲ್ಲ, ಅದನ್ನು ಬಂದವರಿಗೆ ಮೊದಲೇ ಹೇಳಿಬಿಡಿ. ಚಿತ್ರದುರ್ಗದ ಥರ ಏನೋ ಇರುತ್ತದೆ ಅಂತ ಹತ್ತಿದವರು ಸುಮ್ನೆ ಬೇಜಾರಾಗುತ್ತಾರೆ. ಇಲ್ಲಿ ನೋಡಬೇಕಾದದ್ದು ನೆಲದ ಆಕಾರ. ಮೇಲೆ ನಿಂತು ನಾಲ್ಕೂ ದಿಕ್ಕು ನೋಡಿದರೆ, ಒಂದು ಪಡೆ ಬರುವುದು ಎಷ್ಟು ದೂರದಿಂದ ಗೊತ್ತಾಗುತ್ತಿತ್ತು, ಒಮ್ಮೆ ಸುತ್ತುವರಿದರೆ ಒಳಗಿದ್ದವರಿಗೆ ತಪ್ಪಿಸಿಕೊಳ್ಳಲು ಎಷ್ಟು ಕಡಿಮೆ ದಾರಿ ಉಳಿಯುತ್ತಿತ್ತು ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.

1858ರ ಕತೆ ಹೇಳುವುದು ಇಲ್ಲೇ, ಗುಡ್ಡದ ಮೇಲೆ ಕುಳಿತು. ನರಗುಂದದ ಅರಸ ಬಾಬಾಸಾಹೇಬ, ಭಾಸ್ಕರರಾವ ಭಾವೆ ಅವರ ಹೆಸರು. ಮಗ ಇರಲಿಲ್ಲ. ದತ್ತು ತೆಗೆದುಕೊಳ್ಳಲು ಅನುಮತಿ ಕೇಳಿದರು, ಕಂಪನಿ ಸರಕಾರ ಒಪ್ಪಲಿಲ್ಲ. ದತ್ತು ಇಲ್ಲ ಅಂದರೆ ಅವರ ನಂತರ ಸಂಸ್ಥಾನವೂ ಇಲ್ಲ. ಅದರ ಮೇಲೆ ಆಯುಧ ಒಪ್ಪಿಸಿ ಎಂಬ ಕಾನೂನು ಬಂತು. ಇತ್ತ ಮುಂಡರಗಿ ಭೀಮರಾಯ ದಂಗೆಯೆದ್ದು ಡಂಬಳದ ಖಜಾನೆ ಲೂಟಿ ಮಾಡಿ ಕೊಪ್ಪಳದ ಕೋಟೆ ಹಿಡಿದ. 1858ರ ಮೇ 29ರ ರಾತ್ರಿ ಬಾಬಾಸಾಹೇಬರ ಕಡೆಯವರು ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದರು. ಅವನ ರುಂಡವನ್ನು ನರಗುಂದಕ್ಕೆ ತಂದು ಊರಬಾಗಿಲಾದ ಅಗಸಿಗೆ, ಜನ ಕೆಂಪಗಸಿ ಅನ್ನುತ್ತಾರಲ್ಲ, ಅದಕ್ಕೆ ತೂಗುಹಾಕಿದರು. ಮುಂದೆ ಎಲ್ಲ ಬಹಳ ಬೇಗ ನಡೆಯಿತು. ಜೂನ್ ಮೊದಲ ದಿನಗಳಲ್ಲೇ ಕರ್ನಲ್ ಮಾಲ್ಕಮ್‌ನ ಪಡೆ ಬಂದು ಊರು, ಕೋಟೆ ಎರಡನ್ನೂ ಹಿಡಿಯಿತು. ಭೀಮರಾಯ ಕೊಪ್ಪಳದಲ್ಲಿ ಹೋರಾಡುತ್ತಲೇ ಸತ್ತ. ತಪ್ಪಿಸಿಕೊಂಡಿದ್ದ ಬಾಬಾಸಾಹೇಬರನ್ನು ಹಿಡಿದು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅವರ ತಾಯಿ, ಹೆಂಡತಿ ಇಬ್ಬರೂ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟರು.

ಬರೀ ಎರಡು ವಾರ, ನೋಡಿ. ಆ ರಾತ್ರಿಯಿಂದ ಗಲ್ಲಿನವರೆಗೆ. ಇದನ್ನು ಹೇಳುವಾಗ ಒಂದು ಮಾತು ಬಿಡಬೇಡಿ: ಬಾಬಾಸಾಹೇಬರು ಓದುವ ಮನುಷ್ಯ, ದೊಡ್ಡ ಸಂಸ್ಕೃತ ಗ್ರಂಥ ಭಂಡಾರ ಇಟ್ಟುಕೊಂಡಿದ್ದವರು. ಕತ್ತಿ ಹಿಡಿದ ಚಿತ್ರವನ್ನಷ್ಟೇ ಕಂಡ ಮಕ್ಕಳಿಗೆ ಇದು ಗೊತ್ತಿರುವುದಿಲ್ಲ.

ಕೆಳಗಿಳಿದ ಮೇಲೆ ಊರಲ್ಲಿ ಅರ್ಧ ಗಂಟೆ ನಡೆಯಿರಿ. ಗುಡ್ಡದ ಬುಡದಲ್ಲಿ ವೆಂಕಟೇಶ್ವರನ ಗುಡಿ ಇದೆ. ಇಲ್ಲಿ ನಿಮಗೆ ಬೇಕಾದದ್ದು ಊರಿನ ಹಿರಿಯರೊಬ್ಬರು, ನಿವೃತ್ತ ಮಾಸ್ತರು ಸಿಕ್ಕರಂತೂ ಬಹಳ ಒಳ್ಳೆಯದು. ಪರಿಚಯದವರ ಮೂಲಕ ಹಿಂದಿನ ದಿನವೇ ಫೋನ್ ಮಾಡಿಸಿ. ಆಗದಿದ್ದರೆ ಕಟ್ಟೆ ಮೇಲೆ ಕೂತ ಅಜ್ಜಂದಿರ ಹತ್ತಿರ ಹೋಗಿ, "ಅಜ್ಜಾರ, ಬಾಬಾಸಾಹೇಬರ ಕತಿ ಸ್ವಲ್ಪ ಹೇಳ್ರಿ" ಅಂದರೆ ಸಾಕು, ಪಕ್ಕದಲ್ಲಿ ಜಾಗ ಮಾಡಿಕೊಡುತ್ತಾರೆ. ಪುಸ್ತಕದಲ್ಲಿ ಇಲ್ಲದ್ದು ಅವರ ಬಾಯಲ್ಲಿದೆ, ಒಳಗಿನವರು ಹೇಗೆ ಮೋಸ ಮಾಡಿದರು ಎಂಬ ಮಾತಿನಿಂದ ಹಿಡಿದು ಲಾವಣಿಯ ಎರಡು ಸಾಲಿನವರೆಗೆ. ಅದು ಇತಿಹಾಸ ಹೌದೋ ಅಲ್ಲವೋ ಎಂದು ಅಲ್ಲೇ ವಾದಕ್ಕೆ ನಿಲ್ಲಬೇಡಿ. ಊರು ತನ್ನ ಅರಸನನ್ನು ಹೇಗೆ ನೆನಪಿಟ್ಟುಕೊಂಡಿದೆ ಎಂಬುದಕ್ಕೆ ಅದೇ ಸಾಕ್ಷಿ.

ನರಗುಂದ ಬಿಡುವ ಮುಂಚೆ ಇನ್ನೊಂದು ಜಾಗ. ಹೊರಗಿನವರು ಇದನ್ನು ನೋಡದೆ ಹೋಗುತ್ತಾರೆ, ನನಗೆ ಅದು ಸರಿ ಅನಿಸೋದಿಲ್ಲ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ನೀರಾವರಿ ಕರದ ವಿರುದ್ಧ ಎದ್ದಾಗ ಇಲ್ಲಿ ಗೋಲಿಬಾರ್ ಆಯಿತು, ರೈತ ಸತ್ತ. ರಾಜ್ಯದ ರೈತ ಚಳವಳಿ ಕಾವೇರಿದ್ದು ಅಲ್ಲಿಂದಲೇ. ಮಡಿದ ರೈತನ ಹೆಸರಲ್ಲಿ ನರಗುಂದದವರು ವೀರಗಲ್ಲು ನಿಲ್ಲಿಸಿದ್ದಾರೆ, ಪ್ರತಿ ವರ್ಷ ಜುಲೈ 21ಕ್ಕೆ ನಾನಾ ಕಡೆಯಿಂದ ರೈತರು ಬಂದು ಅದಕ್ಕೆ ಮಾಲೆ ಹಾಕುತ್ತಾರೆ. ಐದು ನಿಮಿಷ ನಿಂತು ನೋಡಿ. ಮಧ್ಯಾಹ್ನ ಬೆಟಗೇರಿಗೆ ಹೋದಾಗ ಇದು ನೆನಪಿರಬೇಕು.

ಹತ್ತು, ಹತ್ತೂವರೆಗೆ ಗದಗಿನ ದಾರಿ ಹಿಡಿಯಿರಿ, ಸುಮಾರು 50 ಕಿಲೋಮೀಟರ್. ಗದಗ ಮುಟ್ಟಿದಾಗ ಊಟದ ಹೊತ್ತು. ಖಾನಾವಳಿಗೇ ಹೋಗಿ. ಖಡಕ್ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೊಸರು. ಬೆಂಗಳೂರಿನ ಕಡೆಯವರಿದ್ದರೆ ಬಿಸಿ ರೊಟ್ಟಿ ಕೊಡಿ ಅಂತ ಮೊದಲೇ ಹೇಳಿ. ಗುಡಿಗಳಿಗೆ ಈಗ ಹೋಗಬೇಡಿ, ಮಧ್ಯಾಹ್ನ ಬಾಗಿಲು ಹಾಕಿರುವುದೇ ಜಾಸ್ತಿ, ಸಂಜೆಗೆ ಇಡಿ.

ಊಟ ಆದ ಮೇಲೆ ಬೆಟಗೇರಿ. ಗದಗ-ಬೆಟಗೇರಿ ಅವಳಿ ಊರು, ಬೆಟಗೇರಿ ಅಂದರೆ ಎಲ್ಲರಿಗೂ ಸೀರೆ ನೇಯುವ ಮಗ್ಗ ನೆನಪಾಗುತ್ತದೆ. ಇಲ್ಲಿ ಸಾವಿರ ವರ್ಷಕ್ಕೂ ಹಳೆಯ ವೀರಗಲ್ಲುಗಳ ಗುಂಪೇ ಇದೆ, ಕೆಲವು ಆಳೆತ್ತರವನ್ನೂ ದಾಟಿವೆ. ಇಷ್ಟು ಎತ್ತರದ ವೀರಗಲ್ಲು ಸಾಮಾನ್ಯವಾಗಿ ಕಾಣಸಿಗೋದಿಲ್ಲ. ಬಂದವರನ್ನು ಒಂದು ಕಲ್ಲಿನ ಮುಂದೆ ಕೂರಿಸಿ ಕೆಳಗಿನಿಂದ ಮೇಲಕ್ಕೆ ಓದಲು ಕಲಿಸಿ. ವೀರಗಲ್ಲು ಓದುವ ಕ್ರಮವೇ ಅದು.

ಎಲ್ಲಕ್ಕಿಂತ ಕೆಳಗಿನ ಪಟ್ಟಿಯಲ್ಲಿ ಕಾಳಗ. ಬಿಲ್ಲು, ಕತ್ತಿ, ಗುರಾಣಿ, ಕೆಲವೊಮ್ಮೆ ಕುದುರೆ. ಕಾಲ ಬಳಿ ಬಿದ್ದವರನ್ನೂ ಕೆತ್ತಿರುತ್ತಾರೆ. ದನಗಳು ಕಂಡರೆ ಅದು ತುರುಗೋಳು ಅಂತ ತಿಳಿಯಿರಿ, ಊರಿನ ದನ ಹೊಡೆದುಕೊಂಡು ಹೋಗಲು ಬಂದವರನ್ನು ಅಡ್ಡಗಟ್ಟಿ ಸತ್ತವನ ಕಲ್ಲು ಅದು. ಅದರ ಮೇಲಿನ ಪಟ್ಟಿಯಲ್ಲಿ ಸತ್ತವನನ್ನು ಅಪ್ಸರೆಯರು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ತುದಿಯಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ, ಅದರ ಮೇಲೆ ಸೂರ್ಯ, ಚಂದ್ರ. ಅವು ಇರುವವರೆಗೂ ಈ ಹೆಸರಿರಲಿ ಅಂತ. ಪಟ್ಟಿಗಳ ನಡುವಿನ ಅಂಚಿನಲ್ಲಿ ಅಕ್ಷರ ಇದ್ದರೆ ಅದೇ ಶಾಸನ. ಬೆರಳಿನಿಂದ ಉಜ್ಜಬೇಡಿ, ಅಕ್ಷರ ಕಾಣಲಿ ಅಂತ ಸುಣ್ಣ, ಚಾಕ್‌ಪೀಸ್ ಹಚ್ಚುವುದಂತೂ ಬೇಡವೇ ಬೇಡ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಗೆರೆ ಕೂಡ ಎದ್ದು ಕಾಣುತ್ತದೆ.

ಇಲ್ಲಿ ಬೆಳಗಿನ ಪ್ರಶ್ನೆಯನ್ನು ಮತ್ತೆ ಕೇಳಿ. ಯಾರು ಮಡಿದರು? ಹೆಚ್ಚಿನ ವೀರಗಲ್ಲುಗಳು ರಾಜರವಲ್ಲ. ಊರಿನವನೊಬ್ಬ, ದನ ಉಳಿಸಲು, ಗಡಿ ಕಾಯಲು ಹೋಗಿ ಸತ್ತವನು. ಯಾರು ನೆನಪಿಟ್ಟರು? ಅವನ ಮನೆಯವರು, ಅವನ ಊರು. ನರಗುಂದದಲ್ಲಿ ರೈತನಿಗೆ ನಿಲ್ಲಿಸಿದ ಕಲ್ಲನ್ನು ಈಗ ಇದರ ಪಕ್ಕ ಇಟ್ಟು ಯೋಚಿಸಿದರೆ ಈ ಪದ್ಧತಿ ನಮ್ಮ ಕಡೆ ಎಂದೂ ನಿಂತೇ ಇಲ್ಲ ಅನ್ನೋದು ಗೊತ್ತಾಗುತ್ತದೆ, ಅಲ್ವಾ? ಬೆಟಗೇರಿಗೆ ಒಂದು ಗಂಟೆ ಪೂರ್ತಿ ಕೊಡಿ. ನನ್ನ ಪ್ರಕಾರ ಇಡೀ ದಿನದಲ್ಲಿ ಎಲ್ಲಕ್ಕಿಂತ ದೊಡ್ಡ ಜಾಗ ಇದೇ, ಬರುವವರು ಮಾತ್ರ ಬಹಳ ಕಡಿಮೆ.

ಮೂರು ಗಂಟೆ ಹೊತ್ತಿಗೆ ಲಕ್ಕುಂಡಿಯಲ್ಲಿರಿ, ಗದಗಿನಿಂದ ಹನ್ನೊಂದು ಹನ್ನೆರಡು ಕಿಲೋಮೀಟರ್, ಹೊಸಪೇಟೆ ರಸ್ತೆ. ಕಾಶಿ ವಿಶ್ವನಾಥ, ನನ್ನೇಶ್ವರ ಗುಡಿಗಳ ಕೆತ್ತನೆಗೆ ಓರೆ ಬಿಸಿಲು ಬೀಳುವ ಹೊತ್ತು ಅದು. ಕಾಶಿ ವಿಶ್ವನಾಥನ ಬಾಗಿಲವಾಡದ ಬಳ್ಳಿ ಕೆಲಸದ ಮುಂದೆ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಮುಸುಕಿನ ಬಾವಿಯಲ್ಲಿ ಮೆಟ್ಟಿಲು ಹುಷಾರು, ಮಕ್ಕಳ ಕೈ ಬಿಡಬೇಡಿ.

ಆದರೆ ನಮ್ಮ ಪ್ರಶ್ನೆಗೆ ಉತ್ತರ ಇರುವುದು ಬ್ರಹ್ಮ ಜಿನಾಲಯದಲ್ಲಿ. ಇದನ್ನು ಕಟ್ಟಿಸಿದವಳು ಅತ್ತಿಮಬ್ಬೆ, ಇಲ್ಲಿನ ಅವಳ ಶಾಸನ 1007ರದು. ಸೇನಾನಿಯಾಗಿದ್ದ ಗಂಡ ನಾಗದೇವ ಚಿಕ್ಕ ವಯಸ್ಸಲ್ಲೇ ತೀರಿಕೊಂಡ. ನಾಗದೇವನನ್ನೇ ಮದುವೆಯಾಗಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಉಳಿದಳು, ಉಳಿದು ಪುಸ್ತಕದ ಕೆಲಸ ಹಿಡಿದಳು. ರನ್ನನಿಂದ ಅಜಿತಪುರಾಣ ಬರೆಯಿಸಿದಳು. ಪೊನ್ನನ ಶಾಂತಿಪುರಾಣ ಕಳೆದುಹೋಗಬಾರದು ಅಂತ 1000 ಪ್ರತಿ ಮಾಡಿಸಿ ಹಂಚಿದಳು. ಒಂದೊಂದು ಓಲೆಯನ್ನೂ ಕಂಟದಿಂದ ಕೈಯಲ್ಲೇ ಕೊರೆಯುತ್ತಿದ್ದ ಕಾಲದಲ್ಲಿ! ಇದನ್ನು ಜಿನಾಲಯದ ಒಳಗೆ ನಿಂತೇ ಹೇಳಿ, ಆಮೇಲೆ ಪಕ್ಕದ ವಸ್ತುಸಂಗ್ರಹಾಲಯ ನೋಡಿ. ಗೈಡ್ ಬೇಕಿದ್ದರೆ ಅಲ್ಲೇ ವಿಚಾರಿಸಿ, ಎಷ್ಟು ದುಡ್ಡು, ಎಷ್ಟು ಹೊತ್ತು ಅನ್ನೋದನ್ನು ಮೊದಲೇ ಮಾತಾಡಿಕೊಳ್ಳಿ. ನೂರೊಂದು ಗುಡಿ, ನೂರೊಂದು ಬಾವಿ ಎಂದು ಶುರು ಮಾಡುವ ಗೈಡಿಗೆ ಮೆಲ್ಲಗೆ ಹೇಳಿ, ಮೂರೇ ಗುಡಿ ತೋರಿಸಿ ಆದರೆ ನಿಧಾನಕ್ಕೆ ತೋರಿಸಿ ಅಂತ.

ಸಂಜೆ ಗದಗಿಗೆ ವಾಪಸ್. ತ್ರಿಕೂಟೇಶ್ವರದಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗ ನೋಡಿ, ಅದೇ ಆವರಣದ ಸರಸ್ವತಿ ಗುಡಿಯ ಕಂಬಗಳನ್ನು ನೋಡಿ, ಬೇಗ ವೀರನಾರಾಯಣನ ಗುಡಿಗೆ ಬನ್ನಿ. ಇಲ್ಲಿನ ದೇವರು ವೀರಗಚ್ಚೆ ಹಾಕಿ ನಿಂತವನು. ಒಳಗೆ ಕುಮಾರವ್ಯಾಸನ ಕಂಬ ಇದೆ. ಕೋಳಿವಾಡದ ನಾರಣಪ್ಪ ಮಿಂದು ಒದ್ದೆ ಬಟ್ಟೆಯಲ್ಲೇ ಈ ಕಂಬಕ್ಕೆ ಒರಗಿ ಕೂರುತ್ತಿದ್ದ, ಬಟ್ಟೆ ಆರುವವರೆಗೆ ಪದ್ಯ ಬರುತ್ತಿತ್ತು ಎಂದು ಜನ ಹೇಳುತ್ತಾರೆ. ಅವನು ಬರೆದದ್ದು ಭಾರತದ ಹತ್ತೇ ಪರ್ವ. ಅದರಲ್ಲಿ ಕೊನೆಯ ಐದು ಕಾಳಗದವು: ಭೀಷ್ಮ, ದ್ರೋಣ, ಕರ್ಣ, ಶಲ್ಯ, ಕೊನೆಗೆ ಗದಾಪರ್ವ. ಗದಾಪರ್ವಕ್ಕೆ ಗದುಗಿನ ಭಾರತ ಮುಗಿಯುತ್ತದೆ, ಉಳಿದದ್ದನ್ನು ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಗುಂಪಿನಲ್ಲಿ ಗಮಕ ಬಲ್ಲವರು ಒಬ್ಬರಿದ್ದರೆ ಇಲ್ಲಿ ಒಂದೆರಡು ಷಟ್ಪದಿ ಹಾಡಿಸಿ. ಯಾರೂ ಇಲ್ಲ ಅಂದರೆ ನೀವೇ ಗಟ್ಟಿಯಾಗಿ ಓದಿ, ಭಾಮಿನಿಯ ನಡೆ ತಾನಾಗಿ ನಾಲಿಗೆಗೆ ಬರುತ್ತದೆ.

ಕತ್ತಲಾಗುವ ಹೊತ್ತಿಗೆ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದ ಜಾಗ ಇದು. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಅಭ್ಯಾಸ ನಡೆದಿದ್ದರೆ ಹಿಂದೆ ಸದ್ದಿಲ್ಲದೆ ಕೂತು ಕೇಳಿ, ಮಕ್ಕಳ ಫೋಟೋ, ವಿಡಿಯೋ ಬೇಡ. ಹೊರಡುವಾಗ ದಾಸೋಹಕ್ಕೆ ಕೈಲಾದಷ್ಟು ಕೊಡಿ.

ಇದಕ್ಕೆಲ್ಲ ಒಳ್ಳೆ ಕಾಲ ನವೆಂಬರ್‌ನಿಂದ ಫೆಬ್ರವರಿ. ಏಪ್ರಿಲ್, ಮೇನಲ್ಲಿ ಗುಡ್ಡ ಹತ್ತಿಸಬೇಡಿ. ಮಳೆಗಾಲದಲ್ಲಿ ರಸ್ತೆ ಬಿಟ್ಟು ಎರೆ ಹೊಲಕ್ಕೆ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ನೀರು, ಟೋಪಿ, ಗುಡಿಯ ಕಾದ ಕಲ್ಲಿಗೆ ಒಂದು ಜೊತೆ ಹಳೆ ಸಾಕ್ಸ್ ಇರಲಿ. ವಯಸ್ಸಾದವರಿದ್ದರೆ ಅವರನ್ನು ಗುಡ್ಡದ ಕೆಳಗೆ ಆ ಕಟ್ಟೆಯ ಅಜ್ಜಂದಿರ ಜೊತೆ ಬಿಡಿ, ನೀವು ಇಳಿದು ಬರುವ ಹೊತ್ತಿಗೆ ಅವರಿಗೆ ನಿಮಗಿಂತ ಜಾಸ್ತಿ ಕತೆ ಗೊತ್ತಾಗಿರುತ್ತದೆ.

ರಾತ್ರಿ ಹುಬ್ಬಳ್ಳಿಗೆ ವಾಪಸ್ ಹೋಗಲು ಸುಮಾರು 60 ಕಿಲೋಮೀಟರ್, ಅಣ್ಣಿಗೇರಿ ಮೇಲೆ ಹಾದು. ಹೊರಡುವ ಮುಂಚೆ ಗದಗಿನ ಬದನೆಕಾಯಿ ಬಜಿ ತಿನ್ನಿ. ಗದಗಿನಲ್ಲೇ ಉಳಿಯುವವರು ಮರುದಿನ ಬೆಳಿಗ್ಗೆ ಡಂಬಳಕ್ಕೆ ಹೋಗಿ ನಕ್ಷತ್ರದ ಆಕಾರದ ದೊಡ್ಡಬಸಪ್ಪನ ಗುಡಿ, ಕೆರೆ ನೋಡಿಕೊಂಡು ಮುಂಡರಗಿಗೆ ಹೋಗಬಹುದು. ಭೀಮರಾಯನ ಕತೆಯ ಉಳಿದ ಭಾಗ ಅಲ್ಲಿ ಕೇಳಿ.