ವೈವಾಕ್ಸ್ ಮಲೇರಿಯಾ: 14 ದಿನದ ಮದ್ದು ಪೂರ್ತಿ ಮಾಡುವುದು ಹೇಗೆ

ನಾನು ಮಂಗಳೂರಿನ ಒಂದು ಲ್ಯಾಬಿನಲ್ಲಿ ಮಲೇರಿಯಾ ಸ್ಲೈಡ್ ನೋಡುವವಳು. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ವೈವಾಕ್ಸ್ ಎಂಬ ಜಾತಿಯ ಮಲೇರಿಯಾ ಪರಾವಲಂಬಿ. ರಿಪೋರ್ಟ್ ಕೈಗೆ ಸಿಕ್ಕಿದ ಕೂಡಲೇ ಒಂದು ಪ್ರಶ್ನೆ ಗ್ಯಾರಂಟಿ: "ಮೂರು ದಿನಕ್ಕೆ ಜ್ವರ ಬಿಡ್ತದಂತೆ, ಮತ್ತೆ 14 ದಿನ ಮಾತ್ರೆ ಯಾಕೆ ಮೇಡಂ?"

ಮೊದಲ ಮೂರು ದಿನದ್ದು ಕ್ಲೋರೋಕ್ವಿನ್. ಖಾಲಿ ಹೊಟ್ಟೆಗೆ ಬೇಡ, ಗಂಜಿಯಾದರೂ ಕುಡಿದು ನುಂಗಿ. ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿಯಾದರೆ ಡಾಕ್ಟರಿಗೆ ತಿಳಿಸಿ, ಆ ಡೋಸ್ ಮತ್ತೆ ಕೊಡಬೇಕಾಗಬಹುದು.

ಈ ಮದ್ದು ಕೆಂಪು ರಕ್ತಕಣದೊಳಗಿನ ಪರಾವಲಂಬಿಯನ್ನು ಕೊಲ್ಲುತ್ತದೆ. ಸ್ಲೈಡಿನಲ್ಲಿ ನೋಡಿದರೆ ಉಬ್ಬಿದ ಕಣದೊಳಗೆ ಒಂದು ಉಂಗುರ, ಸುತ್ತ ಸಣ್ಣ ಗುಲಾಬಿ ಚುಕ್ಕೆಗಳು. ಕೊಂದ ಮೇಲೆ ಆ ಕಣಗಳನ್ನು ತೆಗೆಯುವವರು ಯಾರು? ಎಡ ಪಕ್ಕೆಲುಬಿನ ಕೆಳಗಿರುವ ಗುಲ್ಮ, ಅಂದರೆ ಸ್ಪ್ಲೀನ್. ರಕ್ತವನ್ನು ಸೋಸಿ, ಕೆಟ್ಟ ಕಣಗಳನ್ನು ಹಿಡಿದು, ಅಲ್ಲಿನ ಬಿಳಿ ರಕ್ತಕಣಗಳು ನುಂಗಿಬಿಡುತ್ತವೆ. ಆಪರೇಷನ್‌ನಲ್ಲಿ ಗುಲ್ಮ ತೆಗೆಸಿಕೊಂಡವರು ಇದನ್ನು ಡಾಕ್ಟರಿಗೆ ಮೊದಲೇ ಹೇಳಲೇಬೇಕು. ಅವರಿಗೆ ಮಲೇರಿಯಾ ಜೋರಾಗಬಹುದು, ಮದ್ದು ಕೆಲಸ ಮಾಡಿದರೂ ಸತ್ತ ಪರಾವಲಂಬಿ ರಕ್ತದಲ್ಲಿ ಜಾಸ್ತಿ ದಿನ ಕಾಣಬಹುದು. ಹಿಂದೆ ಹಲವು ಸಲ ಮಲೇರಿಯಾ ಬಂದವರ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯಗಳಿರುತ್ತವೆ, ಹಾಗಾಗಿ ಅವರು ಬೇಗ ಸುಧಾರಿಸಿಕೊಳ್ಳುತ್ತಾರೆ. ಮೊದಲ ಸಲ ಬಂದ ಮಗುವಿಗೆ ಆ ಬಲ ಇಲ್ಲ, ಅಲ್ವಾ? ಅದಕ್ಕೆ ಮಾತ್ರೆಯೇ ಗತಿ.

ಅಸಲು ತೊಂದರೆ ಇರುವುದು ಲಿವರಿನಲ್ಲಿ. ವೈವಾಕ್ಸ್ ಅಲ್ಲಿ ಮಲಗಿಬಿಡುತ್ತದೆ. ಕ್ಲೋರೋಕ್ವಿನ್‌ನಿಂದ ಅದು ಸಾಯುವುದಿಲ್ಲ, ರೋಗನಿರೋಧಕ ಶಕ್ತಿಗೂ ಸುಲಭಕ್ಕೆ ಸಿಗುವುದಿಲ್ಲ. ವಾರಗಳೋ ತಿಂಗಳುಗಳೋ ಬಿಟ್ಟು ಎದ್ದು ಬಂದರೆ ಮತ್ತದೇ ಚಳಿ-ಜ್ವರ. 14 ದಿನದ ಪ್ರೈಮಾಕ್ವಿನ್ ಇರುವುದು ಅದಕ್ಕೇ. ಕಿರಾತಕಡ್ಡಿ ಕಷಾಯ ಸಾಕು ಅನ್ನುವವರಿದ್ದಾರೆ. ಲಿವರಿನಲ್ಲಿ ಮಲಗಿದ್ದಕ್ಕೆ ಅದು ಮದ್ದಲ್ಲ.

ಪ್ರೈಮಾಕ್ವಿನ್ ಊಟದ ಮೇಲೆ, ದಿನಾ ಒಂದೇ ಹೊತ್ತಿಗೆ. ಸ್ಟ್ರಿಪ್ಪಿನ ಹಿಂದೆ ಪೆನ್ನಿನಲ್ಲಿ ತಾರೀಕು ಬರೆದಿಡಿ. ಬಸುರಿಯರಿಗೆ ಇದನ್ನು ಕೊಡುವುದಿಲ್ಲ, ಹಾಲೂಡಿಸುವವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಜಿ6ಪಿಡಿ ಅಂದರೆ ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ (ಎನ್‌ಜೈಮ್). ಅದರ ಕೊರತೆ ಇರುವವರಲ್ಲಿ ಪ್ರೈಮಾಕ್ವಿನ್ ರಕ್ತಕಣಗಳನ್ನೇ ಒಡೆಯಬಹುದು. ಸಾಧ್ಯವಾದರೆ ಮೊದಲೇ ಆ ಪರೀಕ್ಷೆ ಮಾಡಿಸಿ. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಉಸಿರು ಕಟ್ಟಿದಂತಾದರೆ ಮಾತ್ರೆ ನಿಲ್ಲಿಸಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಕೋರ್ಸ್ ಮುಗಿದ ಮೇಲೂ ಜ್ವರ ಬಂದರೆ ಉಳಿದ ಮಾತ್ರೆ ಹುಡುಕಬೇಡಿ. ಹಳೇ ರಿಪೋರ್ಟ್ ಹಿಡಿದುಕೊಂಡು ಬಂದು ಮತ್ತೆ ಸ್ಲೈಡ್ ಮಾಡಿಸಿ.