ಮಲೆನಾಡಿನ ಕೆರೆಗಳಲ್ಲಿ ಕುಚ್ಚು ಮೀನಿಗೆ ಗಾಳ ಹಾಕುವ ಕ್ರಮ

ಗಾಳ ಬೀಸುವ ಮೊದಲು ಕೆರೆ ಏರಿಯ ಮೇಲೆ ಅರ್ಧ ಗಂಟೆ ಸುಮ್ಮನೆ ಕೂರಲು ಬಾರದವರಿಗೆ ಕುಚ್ಚು ಮೀನು ಸಿಕ್ಕರೆ ಅದು ಅದೃಷ್ಟ. ಕೂತು ನೀರು ನೋಡುವವರಿಗೆ ಅದು ತಾನಿರುವ ಜಾಗವನ್ನು ತಾನೇ ತೋರಿಸಿಕೊಡುತ್ತದೆ. ಕಾರಣ ಸರಳವಾಗಿದೆ. ಈ ಮೀನಿಗೆ ಕಿವಿರಿನ ಉಸಿರಾಟ ಮಾತ್ರ ಸಾಲದು. ತಲೆಯೊಳಗೆ ಕಿವಿರಿನ ಮೇಲ್ಭಾಗದಲ್ಲಿ ಗಾಳಿ ತುಂಬಿಕೊಳ್ಳುವ ಗೂಡೊಂದಿದ್ದು, ಅದನ್ನು ತುಂಬಿಕೊಳ್ಳಲು ಮೀನು ಆಗಾಗ ನೀರಿನ ಮೇಲ್ಮೈಗೆ ಬರಲೇಬೇಕು. ಮೇಲೆ ಬರಲು ಬಿಡದಿದ್ದರೆ ನೀರಿನೊಳಗೇ ಉಸಿರು ಕಟ್ಟಿ ಸಾಯುತ್ತದೆ. ಕುಚ್ಚು ಮೀನಿನ ಗಾಳಗಾರಿಕೆಯ ಮುಕ್ಕಾಲು ಪಾಲು ಈ ಒಂದು ಸಂಗತಿಯಿಂದ ಹುಟ್ಟಿಕೊಂಡಿದೆ, ಈ ಬರಹದ ಬಹುಪಾಲು ಸಲಹೆಗಳೂ ಅದನ್ನೇ ನೆಚ್ಚಿಕೊಂಡಿವೆ.

ಹೆಸರಿನ ಗೊಂದಲವನ್ನು ಮೊದಲೇ ಬಿಡಿಸಿಬಿಡುತ್ತೇನೆ. ಒಂದೂರಿನಲ್ಲಿ ಕುಚ್ಚು ಎಂದರೆ ಇನ್ನೊಂದೂರಿನಲ್ಲಿ ಕೊರವ ಎನ್ನುತ್ತಾರೆ, ಪೇಟೆಯಲ್ಲಿ ಕೊರಮೀನು ಅಥವಾ ಮುರ್ರೆಲ್ ಎಂದು ಮಾರುತ್ತಾರೆ. ನಾನು ಹೇಳುತ್ತಿರುವುದು ವಿಜ್ಞಾನಿಗಳು ಚನ್ನಾ ಸ್ಟ್ರಯೇಟಾ ಎಂದು ಕರೆಯುವ, ಹಾವಿನಂತಹ ಚಪ್ಪಟೆ ತಲೆಯ, ಕಪ್ಪು ಬೆನ್ನಿನ ಮೀನಿನ ಬಗ್ಗೆ. ಇದರ ದೊಡ್ಡ ಬಂಧು ಚನ್ನಾ ಮರೂಲಿಯಸ್ ಒಂದು ಮೀಟರಿಗೂ ಮೀರಿ ಬೆಳೆಯುತ್ತದೆ, ಬಾಲದ ಬುಡದಲ್ಲಿ ಕಣ್ಣಿನಂತಹ ಕಪ್ಪು ಬೊಟ್ಟೊಂದಿರುತ್ತದೆ. ಅದು ಹೊಳೆಯ ಮಡುಗಳನ್ನೂ ಆಳವಾದ ಹಿನ್ನೀರನ್ನೂ ಇಷ್ಟಪಡುತ್ತದೆ. ಕುಚ್ಚಿಗಾದರೋ ಜೊಂಡು, ತಾವರೆ ಎಲೆ, ಪಾಚಿ ತುಂಬಿದ ಮೊಣಕಾಲುದ್ದದ ನೀರು ಸಾಕು. ಸೊರಬ, ಸಾಗರ, ಹೊಸನಗರದ ಕಡೆ ಅಡಿಕೆ ತೋಟದ ಮೇಲಿನ ಹಳೆಯ ಕೆರೆಗಳೆಲ್ಲ ಅದಕ್ಕೆ ಹೇಳಿ ಮಾಡಿಸಿದಂತಿವೆ.

ಕೆರೆಗೆ ಹೋದವರು ಸೂರ್ಯನಿಗೆ ಬೆನ್ನು ಕೊಡದೆ ಕೂರಬೇಕು, ಇಲ್ಲವಾದರೆ ನಮ್ಮ ನೆರಳು ನೀರಿನ ಮೇಲೆ ಚಾಚಿಕೊಂಡು ಮೀನನ್ನು ಎಚ್ಚರಿಸುತ್ತದೆ. ಏರಿಯ ಮೇಲೆ ಧಪಧಪ ಹೆಜ್ಜೆ ಹಾಕುವುದೂ ಮಾತಿಗಿಂತ ಹೆಚ್ಚು ಕೆಡುಕು ಮಾಡುತ್ತದೆ, ಏಕೆಂದರೆ ನೆಲದ ಅದುರು ನೇರವಾಗಿ ನೀರಿಗೆ ಇಳಿಯುತ್ತದೆ. ಕೂತ ಮೇಲೆ ಎಲೆಗಳ ನಡುವಿನ ತೆರಪುಗಳನ್ನು ಒಂದೊಂದಾಗಿ ನೋಡುತ್ತಿರಬೇಕು. ಕುಚ್ಚು ಮೇಲೆ ಬಂದಾಗ ಮೊದಲು ಮೂತಿಯ ತುದಿ ಮಾತ್ರ ಕಾಣುತ್ತದೆ, ‘ಗುಳುಕ್’ ಎಂಬ ಸಣ್ಣ ಸದ್ದಾಗುತ್ತದೆ, ಮೀನು ತಿರುಗಿ ಕೆಳಗಿಳಿದ ಮೇಲೆ ಎರಡು ಮೂರು ಗುಳ್ಳೆಗಳು ಉಳಿಯುತ್ತವೆ. ಆ ಗುಳ್ಳೆಗಳು ಎದ್ದ ಕ್ರಮವನ್ನು ಗಮನಿಸಿ, ಕೊನೆಯ ಗುಳ್ಳೆ ಯಾವ ಕಡೆಗೆ ಬಿದ್ದಿದೆಯೋ ಮೀನು ಆ ದಿಕ್ಕಿಗೆ ಹೋಗಿದೆ ಎಂದು ತಿಳಿಯಬಹುದು. ಕೆಲವು ನಿಮಿಷಗಳ ನಂತರ ಅದೇ ತೆರಪಿನ ಆಸುಪಾಸಿನಲ್ಲಿ ಮತ್ತೆ ಗುಳುಕ್ ಎಂದರೆ ಅದು ಅಲ್ಲಿಯೇ ನೆಲೆ ನಿಂತಿದೆ, ಬೇಟೆಗೆ ಕಾದಿದೆ. ಸಣ್ಣ ಜಿಲೇಬಿ ಮೀನು ಗಾಳಿ ಗುಟುಕರಿಸಿದಾಗಲೂ ಗುಳ್ಳೆ ಏಳುತ್ತದೆ, ಆದರೆ ಅದರ ಸದ್ದು ತೆಳು, ಸುತ್ತಲಿನ ಎಲೆ ಅಲುಗುವುದಿಲ್ಲ. ಕುಚ್ಚು ತಿರುಗಿದರೆ ತಾವರೆ ಎಲೆಯ ಅಂಚು ನಡುಗುತ್ತದೆ. ಈ ವ್ಯತ್ಯಾಸ ಓದಿ ಬರುವಂಥದ್ದಲ್ಲ. ನಾಲ್ಕಾರು ಬೆಳಗುಗಳನ್ನು ಗಾಳವಿಲ್ಲದೆಯೇ ಕಳೆದರೆ ಕಿವಿಗೆ ಅಭ್ಯಾಸವಾಗುತ್ತದೆ, ಹಾಗೆ ಕಳೆಯಬೇಕೆಂದು ಹೊಸಬರಿಗೆ ನಾನು ಒತ್ತಿ ಹೇಳುತ್ತೇನೆ.

ಹೊತ್ತಿನ ವಿಷಯದಲ್ಲಿ ಎಲ್ಲರೂ ‘ಬೆಳಗಿನ ಜಾವ’ ಎಂದುಬಿಡುತ್ತಾರೆ. ಮಾರ್ಚ್‌ನಿಂದ ಮೇವರೆಗೆ ಅದು ಸರಿ, ಬಿಸಿಲೇರುವ ಮೊದಲು ಮತ್ತು ಸಂಜೆ ಐದರಿಂದ ಕತ್ತಲಾಗುವವರೆಗೆ ಮೀನು ಚುರುಕಾಗಿರುತ್ತದೆ. ಆದರೆ ನವೆಂಬರಿನಿಂದ ಜನವರಿಯವರೆಗೆ ನಮ್ಮ ಕಡೆ ಇಬ್ಬನಿ ಸುರಿದು ನೀರು ತಣ್ಣಗಾಗಿರುವಾಗ ಮುಂಜಾನೆ ಆರಕ್ಕೆ ಹೋಗಿ ನಡುಗುತ್ತ ನಿಂತರೆ ಪ್ರಯೋಜನವಿಲ್ಲ. ಬಿಸಿಲು ನೀರಿಗೆ ತಾಗಿದ ಮೇಲೆ, ಒಂಬತ್ತು ಹತ್ತು ಗಂಟೆಯ ಹೊತ್ತಿಗೆ, ಅದು ಆಳವಿಲ್ಲದ ಮೂಲೆಗಳಿಗೆ ಬರುತ್ತದೆ. ಮಳೆ ನಿಂತು ನೀರು ತಿಳಿಯಾಗುವ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ನನ್ನ ಮಟ್ಟಿಗೆ ವರ್ಷದ ಅತ್ಯುತ್ತಮ ಕಾಲ.

ಈಗ ಸಲಕರಣೆಗೆ ಬರೋಣ. ಆರೂವರೆಯಿಂದ ಏಳಡಿ ಉದ್ದದ, ತುದಿ ಬಾಗಿದರೂ ನಡು ಗಟ್ಟಿಯಾಗಿರುವ ರಾಡು, ಮಧ್ಯಮ ಗಾತ್ರದ ರೀಲು, ಅದಕ್ಕೆ 30ರಿಂದ 40 ಪೌಂಡ್ ತಾಳುವ ಹೆಣೆದ ದಾರ ಇಷ್ಟಿದ್ದರೆ ಸಾಕು. ಟಂಗೂಸು ದಾರ ಬಯಲು ನೀರಿಗೆ ಒಳ್ಳೆಯದು, ಜೊಂಡಿನ ಕೆರೆಗೆ ಆಗದು. ಅದು ಹಿಗ್ಗುವುದರಿಂದ ನಾವು ಎಳೆದ ಎಳೆತ ಕೊಕ್ಕೆಗೆ ಮುಟ್ಟುವಷ್ಟರಲ್ಲಿ ಮೀನು ಬೇರಿನೊಳಗೆ ನುಗ್ಗಿರುತ್ತದೆ. ಹೆಣೆದ ದಾರ ಹಿಗ್ಗುವುದಿಲ್ಲ, ತಾವರೆಯ ದಂಟನ್ನು ಕೊಯ್ದುಕೊಂಡೇ ಬರುತ್ತದೆ. ಎರೆಯಾಗಿ ಟೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆಗಿಂತ ಉತ್ತಮವಾದುದು ನನಗೆ ಸಿಕ್ಕಿಲ್ಲ. ಅದರ ಎರಡು ಕೊಕ್ಕೆಗಳು ಬೆನ್ನಿಗೆ ಒತ್ತಿಕೊಂಡಿರುವುದರಿಂದ ಎಲೆಯ ಮೇಲೆ ಸಿಕ್ಕಿಕೊಳ್ಳದೆ ಜಾರುತ್ತದೆ, ಮೀನು ಕಚ್ಚಿದಾಗ ಮಾತ್ರ ಹೊಟ್ಟೆ ಕುಗ್ಗಿ ಕೊಕ್ಕೆ ಹೊರಬರುತ್ತದೆ. ಜೀವಂತ ಕಪ್ಪೆಯನ್ನು ಕೊಕ್ಕೆಗೆ ಚುಚ್ಚುವ ಪದ್ಧತಿ ಹಿಂದಿನಿಂದ ಇದೆಯಾದರೂ ಅದನ್ನು ಬಿಡಬೇಕೆಂದು ಕೇಳಿಕೊಳ್ಳುತ್ತೇನೆ. ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿ ಜಗತ್ತಿನ ಬೇರೆಲ್ಲೂ ಇಲ್ಲದ ಜಾತಿಗಳು ಹಲವಿವೆ, ಗದ್ದೆಯಂಚಿನಲ್ಲಿ ಕೈಗೆ ಸಿಕ್ಕಿದ್ದು ಯಾವುದೆಂದು ನಮಗೆ ತಿಳಿಯುವುದಿಲ್ಲ.

ಗಂಟು ಬಿಚ್ಚಿಕೊಂಡು ಮೀನು ಕಳೆದುಕೊಳ್ಳುವವರೇ ಹೆಚ್ಚು, ಹೆಣೆದ ದಾರ ನುಣುಪಾಗಿರುವುದೇ ಅದಕ್ಕೆ ಕಾರಣ. ದಾರದ ತುದಿಯನ್ನು ಒಂದು ಗೇಣಿನಷ್ಟು ಮಡಚಿ ಜೋಡಿ ಮಾಡಿ, ಆ ಮಡಿಕೆಯನ್ನು ಕಪ್ಪೆಯ ಮೂತಿಯ ಬಳೆಯೊಳಗೆ ತೂರಿಸಿ, ಜೋಡಿ ದಾರದಿಂದಲೇ ಒಂದು ಸಾದಾ ಗಂಟನ್ನು ಸಡಿಲವಾಗಿ ಹಾಕಿ, ಉಳಿದ ಕುಣಿಕೆಯೊಳಗಿಂದ ಇಡೀ ಕಪ್ಪೆಯನ್ನು ದಾಟಿಸಿ, ಎಂಜಲಿನಿಂದ ಒದ್ದೆ ಮಾಡಿ ನಿಧಾನವಾಗಿ ಬಿಗಿಯಬೇಕು. ಇದನ್ನು ಪಾಲೊಮಾರ್ ಗಂಟು ಎನ್ನುತ್ತಾರೆ. ಒಣಗಿದ ದಾರವನ್ನು ರಪ್ಪನೆ ಎಳೆದರೆ ಉಜ್ಜಿದ ಬಿಸಿಗೆ ಗಂಟಿನ ಜಾಗ ಬಲ ಕಳೆದುಕೊಳ್ಳುತ್ತದೆ.

ಗುಳ್ಳೆ ಎದ್ದ ಜಾಗಕ್ಕೇ ಕಪ್ಪೆಯನ್ನು ಬೀಸುವುದು ಹೊಸಬರ ತಪ್ಪು. ತಲೆಯ ಮೇಲೆ ಬಿದ್ದ ವಸ್ತುವಿಗೆ ಮೀನು ಹೆದರುತ್ತದೆ. ಅದು ಹೊರಟ ದಿಕ್ಕನ್ನು ಲೆಕ್ಕ ಹಾಕಿ, ಐದಾರು ಅಡಿ ಮುಂದಕ್ಕೆ, ಸಾಧ್ಯವಾದರೆ ನೀರಿಗೆ ಬದಲು ಎಲೆಯ ಮೇಲೆ ಬೀಳುವಂತೆ ಬೀಸಬೇಕು. ಬಿದ್ದ ಮೇಲೆ ಅಲೆ ಅಡಗುವವರೆಗೆ ಕೈ ಆಡಿಸಬಾರದು. ನಂತರ ರಾಡಿನ ತುದಿಯನ್ನು ಚಿಕ್ಕದಾಗಿ ಕುಲುಕುತ್ತ ಕಪ್ಪೆ ಎಲೆಯಿಂದ ಎಲೆಗೆ ಕುಪ್ಪಳಿಸುವಂತೆ ತರಬೇಕು, ತೆರಪು ಬಂದಲ್ಲೆಲ್ಲ ಎಲೆಯ ಅಂಚಿನಿಂದ ನೀರಿಗಿಳಿಸಿ ಮೂರು ನಾಲ್ಕು ಸೆಕೆಂಡು ನಿಲ್ಲಿಸಬೇಕು. ಹೊಡೆತ ಬೀಳುವುದು ಬಹುತೇಕ ಆ ನಿಲುಗಡೆಯಲ್ಲಿ. ನೀರು ಸಿಡಿದು, ಕೊಡ ಮುಳುಗಿದಂತಹ ಸದ್ದು ಬಂದು, ಕಪ್ಪೆ ಕಾಣೆಯಾಗುತ್ತದೆ.

ಆ ಕ್ಷಣದಲ್ಲಿ ರಾಡನ್ನು ಎತ್ತಿದರೆ ಕೆಲಸ ಕೆಟ್ಟಿತು. ನನ್ನ ಹದಿಮೂರನೆಯ ವಯಸ್ಸಿನಲ್ಲಿ ದೊಡ್ಡಪ್ಪನ ಜೊತೆ ನಮ್ಮೂರ ಕೆರೆಯಲ್ಲಿ ಬಿದಿರಿನ ಗಳ ಹಿಡಿದು ನಿಂತಿದ್ದಾಗ, ಒಂದೇ ಸಂಜೆ ಮೂರು ಸಲ ನೀರು ಸಿಡಿಯಿತು, ಮೂರು ಸಲವೂ ನಾನು ಎಳೆದೆ, ಮೂರು ಸಲವೂ ಬರಿಯ ಕೊಕ್ಕೆ ನನ್ನ ಕಿವಿಯ ಪಕ್ಕದಲ್ಲಿ ಹಾರಿಹೋಯಿತು. “ತಡಿಯಾ ಮಾರಾಯ, ಅದಿನ್ನೂ ಕಚ್ಚಿಕೊಂಡಿದೆ ಅಷ್ಟೇ, ನುಂಗ್ಲಿಲ್ಲ” ಎಂದು ದೊಡ್ಡಪ್ಪ ನನ್ನ ಮುಂಗೈ ಹಿಡಿದುಕೊಂಡರು. ನಾಲ್ಕನೆಯ ಸಲ ಅವರು ಕೈ ಬಿಡುವವರೆಗೆ ನಾನು ಎಳೆಯಲಿಲ್ಲ, ಮೀನು ದಡಕ್ಕೆ ಬಂತು. ಕುಚ್ಚು ಬೇಟೆಯನ್ನು ಮೊದಲು ಅಡ್ಡ ಹಿಡಿದು, ಆಳಕ್ಕೆ ತಿರುಗುತ್ತ ಬಾಯೊಳಗೆ ಸರಿಪಡಿಸಿಕೊಳ್ಳುತ್ತದೆ. ಆದುದರಿಂದ ಮನಸ್ಸಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಿ, ದಾರ ಪಕ್ಕಕ್ಕೆ ಸರಿಯುವುದನ್ನು ಕಣ್ಣಾರೆ ಕಂಡು, ಸಡಿಲವನ್ನು ಸುತ್ತಿಕೊಂಡು, ಆಮೇಲೆ ಬಲವಾಗಿ ಮೇಲಕ್ಕೆ ಎತ್ತಬೇಕು. ಕೊಕ್ಕೆ ನಾಟಿದ ಮೇಲೆ ಸಾವಕಾಶ ಬೇಡ. ಮೀನಿನ ತಲೆ ಎಲೆಗಳ ಮೇಲೆಯೇ ಇರುವಂತೆ ಒಂದೇ ಸಮನೆ ಎಳೆದು ತರಬೇಕು, ಒಮ್ಮೆ ದಂಟುಗಳಿಗೆ ಸುತ್ತಿಕೊಂಡರೆ ಬಿಡಿಸುವುದು ಕಷ್ಟ. ಹೊಡೆತ ತಪ್ಪಿದರೆ ಕಪ್ಪೆಯನ್ನು ಗಡಿಬಿಡಿಯಿಂದ ವಾಪಸು ಸುತ್ತಿಕೊಳ್ಳದೆ ಅಲ್ಲಿಯೇ ಬಿಟ್ಟಿರಿ, ಅದೇ ಮೀನು ಮತ್ತೆ ಬರುವುದುಂಟು.

ಹಿಡಿದ ಮೀನಿನ ಬಾಯಿಗೆ ಬೆರಳು ಹಾಕಬೇಡಿ, ಹಲ್ಲುಗಳು ಚೂಪಾಗಿವೆ. ಉದ್ದ ಮೂತಿಯ ಇಕ್ಕಳ ಜೊತೆಗಿರಲಿ. ಕೊಕ್ಕೆಯ ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಂಡರೆ ಮೀನಿಗೂ ನಮ್ಮ ಬೆರಳಿಗೂ ಒಳ್ಳೆಯದು.

ಈ ಮೀನು ಉಸಿರಿಗಾಗಿ ಮೇಲೆ ಬರುವುದರಿಂದಲೇ ಅದನ್ನು ಮುಗಿಸುವುದೂ ಸುಲಭ. ಮಳೆಗಾಲದಲ್ಲಿ ಕೆರೆಯ ಮೂಲೆಯೊಂದರಲ್ಲಿ ಬೊಗಸೆ ಕುಂಕುಮ ಕದಡಿದಂತೆ ಕೆಂಪು ಮೋಡವೊಂದು ಚಲಿಸುವುದನ್ನು ನೀವು ಕಾಣಬಹುದು. ಅದರ ಮೇಲಿನ ನೀರು, ಬೇರೆಲ್ಲೂ ಮಳೆಯಿಲ್ಲದಿದ್ದರೂ, ತುಂತುರು ಬಿದ್ದಂತೆ ಚುಕ್ಕಿ ಚುಕ್ಕಿಯಾಗಿ ಕುಣಿಯುತ್ತಿರುತ್ತದೆ. ಅವು ಕುಚ್ಚಿನ ಮರಿಗಳು, ನೂರಾರು ಒಟ್ಟಾಗಿ ಗಾಳಿ ಕುಡಿಯಲು ಬರುತ್ತಿವೆ. ಕೆಳಗೆ ತಂದೆತಾಯಿ ಮೀನುಗಳು ಕಾವಲಿವೆ. ಮೊಟ್ಟೆಯಿಟ್ಟ ದಿನದಿಂದ ಅವು ಹೀಗೆ ಕಾಯುತ್ತವೆ. ಆ ಮೋಡದ ಮೇಲೆ ಕಪ್ಪೆ ಎಳೆದರೆ ಖಂಡಿತವಾಗಿ ಹೊಡೆತ ಬೀಳುತ್ತದೆ, ಏಕೆಂದರೆ ಅವು ಮರಿಗಳ ರಕ್ಷಣೆಗಾಗಿ ಮೇಲೇರಿ ಬರುತ್ತವೆ, ಹಸಿವಿರಲಿ ಇಲ್ಲದಿರಲಿ. ದೊಡ್ಡವನ್ನು ಎತ್ತಿಕೊಂಡರೆ ಮರಿಗಳು ಅನಾಥವಾಗಿ ಇತರ ಮೀನುಗಳ ಪಾಲಾಗುತ್ತವೆ. ಇದೊಂದು ಜಾಗದಲ್ಲಿ ದಯವಿಟ್ಟು ಗಾಳ ಬೀಸಬೇಡಿ. ಜೂನ್‌ನಿಂದ ಆಗಸ್ಟ್‌ವರೆಗೆ ನಾನು ಕುಚ್ಚಿನ ಗಾಳವನ್ನು ಅಟ್ಟದ ಮೇಲಿಟ್ಟಿರುತ್ತೇನೆ. ರಾತ್ರಿ ಗಾಳ ಕಟ್ಟಿಟ್ಟು ಬೆಳಿಗ್ಗೆ ಹೋಗಿ ನೋಡುವ ಅಭ್ಯಾಸವನ್ನೂ ಇದೇ ಕಾರಣಕ್ಕೆ ಕೈಬಿಟ್ಟೆ. ಬೇರಿಗೆ ಸುತ್ತಿಕೊಂಡ ಮೀನು ಮೇಲೆ ಬರಲಾಗದೆ ಉಸಿರುಕಟ್ಟಿ ಸತ್ತಿರುತ್ತದೆ, ಕೆಲವೊಮ್ಮೆ ನೀರುಕಾಗೆಯೂ ಅದೇ ದಾರದಲ್ಲಿ ಸಿಕ್ಕಿರುತ್ತದೆ.

ಎಲ್ಲಿ ಹಿಡಿಯಬಹುದು ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ನಮ್ಮ ಕೆರೆಗಳಲ್ಲಿ ಹಲವನ್ನು ಮೀನು ಸಾಕಣೆಗೆ ಗುತ್ತಿಗೆ ಕೊಟ್ಟಿರುತ್ತಾರೆ, ಮರಿ ಬಿಟ್ಟವರ ಅನುಮತಿಯಿಲ್ಲದೆ ಅಲ್ಲಿ ಹಿಡಿಯುವುದು ಕಳ್ಳತನ. ಗ್ರಾಮ ಪಂಚಾಯಿತಿಯಲ್ಲಿ ಅಥವಾ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿದರೆ ತಿಳಿಯುತ್ತದೆ. ಗುತ್ತಿಗೆದಾರರಿಗೆ ಕುಚ್ಚು ತಮ್ಮ ಕಾಟ್ಲಾ, ರೋಹು ಮರಿಗಳನ್ನು ತಿನ್ನುವ ಶತ್ರು, ಆದ್ದರಿಂದ ವಿನಯದಿಂದ ಕೇಳಿದರೆ ಒಪ್ಪುವವರೂ ಇದ್ದಾರೆ. ತೀರ್ಥಹಳ್ಳಿಯ ಛಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಾಗಲಿ, ಭದ್ರಾ ಹುಲಿ ಸಂರಕ್ಷಿತ ಪ್ರದೇಶ ಮತ್ತು ಶರಾವತಿ ಅಭಯಾರಣ್ಯದ ನೀರಿನಲ್ಲಾಗಲಿ ಗಾಳ ಹಾಕುವಂತಿಲ್ಲ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಅಭಯಾರಣ್ಯದ ಗಡಿ ಎಲ್ಲಿದೆ ಎಂಬುದನ್ನು ಅರಣ್ಯ ಇಲಾಖೆಯವರಿಂದಲೇ ಕೇಳಿ ತಿಳಿಯುವುದು ಕ್ಷೇಮ.

ಅದೇ ಹಿನ್ನೀರಿನ ಬಗ್ಗೆ ಇನ್ನೊಂದು ಎಚ್ಚರಿಕೆ. 1,819 ಅಡಿಯ ಪೂರ್ಣ ಮಟ್ಟದಿಂದ ನೀರು ಇಳಿಯುತ್ತ ಹೋದಂತೆ ದಡದಲ್ಲಿ ಹೂಳು ತೆರೆದುಕೊಳ್ಳುತ್ತದೆ, ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಹಸಿಯಾಗಿಯೇ ಇರುತ್ತದೆ. ಒಂದು ಏಪ್ರಿಲ್‌ನಲ್ಲಿ ನಾನು ಸೊಂಟದವರೆಗೆ ಹೂತು, ಜೊತೆಗಿದ್ದವರು ಬಿದಿರು ಅಡ್ಡ ಹಾಕಿ ಎಳೆದ ಮೇಲೆ ಹೊರಬಂದೆ. ದನದ ಹೆಜ್ಜೆ ಇರುವಲ್ಲಿ ಮಾತ್ರ ಕಾಲಿಡಿ, ಒಬ್ಬರೇ ಹೋಗಬೇಡಿ. ಡಿಸೆಂಬರ್‌ನಿಂದ ಮೇವರೆಗೆ ಕಾಡಿನಂಚಿನ ಕೆರೆಗೆ ಹೋಗುವವರು ಉಣುಗಿನ ಬಗ್ಗೆಯೂ ಜಾಗ್ರತೆ ವಹಿಸಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ ಹರಡುವುದು ಅದರ ಕಡಿತದಿಂದಲೇ. ಉದ್ದ ತೋಳಿನ ಅಂಗಿ ಹಾಕಿ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ, ತರಗೆಲೆಯ ಮೇಲೆ ಕೂರದೆ, ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಅರ್ಧ ಕಿಲೋಗಿಂತ ಚಿಕ್ಕದನ್ನು ನಾನು ಬಿಟ್ಟುಬಿಡುತ್ತೇನೆ. ಬಿಡುವಾಗ ಕೈ ಒದ್ದೆ ಮಾಡಿಕೊಂಡು, ಮೈಮೇಲಿನ ಲೋಳೆ ಕಿತ್ತುಬರದಂತೆ ಹಿಡಿದು, ಆಳವಿಲ್ಲದ ನೀರಿನಲ್ಲಿ ಮೂತಿ ಮೇಲಿರುವಂತೆ ಇಟ್ಟರೆ ಅದು ಒಮ್ಮೆ ಗಾಳಿ ಎಳೆದುಕೊಂಡು ತಾನಾಗಿಯೇ ಹೋಗುತ್ತದೆ. ಮನೆಗೆ ಒಯ್ಯುವುದಾದರೆ ಒದ್ದೆ ಗೋಣಿಯಲ್ಲಿ ಗಂಟೆಗಟ್ಟಲೆ ಜೀವ ಹಿಡಿದುಕೊಂಡು ಒದ್ದಾಡುತ್ತದೆ. ಹಾಗೆ ಬಿಡದೆ ದಡದಲ್ಲಿಯೇ ತಲೆಗೊಂದು ಏಟು ಕೊಟ್ಟು ಮುಗಿಸಿ. ಒಲೆಯ ಬೂದಿ ಹಚ್ಚಿ ಒರಟು ಕಲ್ಲಿನ ಮೇಲೆ ಉಜ್ಜಿದರೆ ಲೋಳೆ ಹೋಗುತ್ತದೆ, ಪೊರೆ ಕೀಳುವುದು ಸುಲಭವಾಗುತ್ತದೆ. ಮುಳ್ಳು ಕಡಿಮೆಯಿರುವುದರಿಂದ ದಪ್ಪ ತುಂಡು ಮಾಡಿ, ಹುಣಸೆಯ ಬದಲು ವಾಟೆಹುಳಿ ಹಾಕಿ ಸಾರು ಮಾಡಿ, ರಾತ್ರಿಯಿಡೀ ಮಣ್ಣಿನ ಗಡಿಗೆಯಲ್ಲಿ ಬಿಟ್ಟು ಮರುದಿನ ಬೆಳಿಗ್ಗೆ ಬಿಸಿ ಮಾಡಿ ಅಕ್ಕಿ ರೊಟ್ಟಿಯ ಜೊತೆ ಬಡಿಸಿ.