ಬಾಯಿಮಾತಿಗೆ ದಿನ ಎಣಿಸುವುದಿಲ್ಲ: ಅಮೆರಿಕದ ಶಾಲೆಯಲ್ಲಿ ಮಗುವಿನ ಮಾತು, ಕಿವಿ ಪರೀಕ್ಷೆ

ಮಗುವಿಗೆ ಮಾತು ತಡವಾದರೆ ಮಕ್ಕಳ ಡಾಕ್ಟರಿಗೆ ಹೇಳಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಅದರಾಚೆ, ಅಮೆರಿಕಕ್ಕೆ ಹೊಸದಾಗಿ ಬಂದವರು ಒಬ್ಬರ ಹಿಂದೆ ಒಬ್ಬರು ಒಂದೇ ಗುಂಡಿಗೆ ಬೀಳುತ್ತಿದ್ದಾರೆ. ಶಾಲೆ ಪುಕ್ಕಟೆಯಾಗಿ ಮಾಡಲೇಬೇಕಾದ ಪರೀಕ್ಷೆಗೆ ವರ್ಷಗಟ್ಟಲೆ ಕಾಯುತ್ತಾರೆ, ಇಲ್ಲವೇ ಕಾದು ಸಾಕಾಗಿ ಕೈಯಿಂದ ದುಡ್ಡು ಹಾಕಿ ಹೊರಗೆ ಮಾಡಿಸುತ್ತಾರೆ.

ಪೇರೆಂಟ್-ಟೀಚರ್ ಮೀಟಿಂಗಿನಲ್ಲಿ ‘ಇವನ ಮಾತು ಯಾಕೋ ಸರಿಯಿಲ್ಲ, ಒಮ್ಮೆ ನೋಡ್ತೀರಾ’ ಅಂತ ಕೇಳುತ್ತೀರಿ. ಟೀಚರ್ ‘ಖಂಡಿತ, ಗಮನಿಸುತ್ತೇವೆ’ ಅನ್ನುತ್ತಾರೆ. ಕೇಳಿದ್ದಾಯಿತು ಅಂತ ನೀವು ಮನೆಗೆ ಬರುತ್ತೀರಿ. ಕಾನೂನಿನ ಲೆಕ್ಕದಲ್ಲಿ ಇನ್ನೂ ಏನೂ ಶುರುವಾಗಿಲ್ಲ. ಅಂಗವೈಕಲ್ಯವಿರುವ ಮಕ್ಕಳ ಶಿಕ್ಷಣಕ್ಕಾಗಿ ಇರುವ ಐಡಿಯಾ (IDEA) ಅನ್ನುವ ಫೆಡರಲ್ ಕಾನೂನಿನ ಪ್ರಕಾರ ಶಾಲೆ 60 ದಿನದೊಳಗೆ ಮೌಲ್ಯಮಾಪನ ಮುಗಿಸಬೇಕು. ಆದರೆ ಆ 60 ದಿನ ಎಣಿಸುವುದು ನೀವು ಕೇಳಿದ ದಿನದಿಂದಲ್ಲ, ಸಹಿ ಹಾಕಿದ ಒಪ್ಪಿಗೆ ಪತ್ರ ಶಾಲೆಯ ಕೈ ಸೇರಿದ ದಿನದಿಂದ. ಒಪ್ಪಿಗೆ ಪತ್ರವನ್ನು ಶಾಲೆಯೇ ಕಳಿಸಬೇಕು. ಕಳಿಸಲು ಅವರಿಗೊಂದು ಕಾಗದದ ಕಾರಣ ಬೇಕು. ಆ ಕಾಗದವನ್ನು ನೀವು ಬರೆದಿರುವುದಿಲ್ಲ.

ರಾಜ್ಯಗಳು ತಮ್ಮದೇ ಗಡುವು ಇಟ್ಟುಕೊಳ್ಳಬಹುದು. ಟೆಕ್ಸಾಸಿನಲ್ಲಿ ಒಪ್ಪಿಗೆಯಾದ ಮೇಲೆ 45 ಶಾಲಾ ದಿನ. ಅದಕ್ಕೂ ಮೊದಲು, ನಿಮ್ಮ ಕೋರಿಕೆಗೆ ಶಾಲಾ ಜಿಲ್ಲೆ, ಅಂದರೆ ಆ ಭಾಗದ ಶಾಲೆಗಳನ್ನು ನಡೆಸುವ ಆಡಳಿತ, 15 ಶಾಲಾ ದಿನದೊಳಗೆ ಉತ್ತರ ಕೊಡಬೇಕು. ಆದರೆ ಕೋರಿಕೆ ಬರಹದಲ್ಲಿದ್ದರೆ ಮಾತ್ರ ಆ ಗಡುವು. ಕ್ಯಾಲಿಫೋರ್ನಿಯಾದಲ್ಲಿ 60 ದಿನ, ಅದರಲ್ಲಿ ಐದು ಶಾಲಾ ದಿನಕ್ಕಿಂತ ಉದ್ದದ ರಜೆ ಲೆಕ್ಕಕ್ಕಿಲ್ಲ. ಹಾಗಾಗಿ ಏಪ್ರಿಲ್ ಕೊನೆಗೆ ಸಹಿ ಹಾಕಿದರೆ ಬೇಸಿಗೆ ರಜೆ ಮಧ್ಯೆ ಬಂದು ಕೂರುತ್ತದೆ. ಕೇಳುವುದಿದ್ದರೆ ಸೆಪ್ಟೆಂಬರಿನಲ್ಲೇ ಕೇಳಿ.

ಕೋರಿಕೆಯನ್ನು ಇಮೇಲಿನಲ್ಲಿ ಬರೆಯಿರಿ, ಅದು ಪ್ರಿನ್ಸಿಪಾಲರಿಗೂ ಜಿಲ್ಲೆಯ ಸ್ಪೆಷಲ್ ಎಜುಕೇಶನ್ ವಿಭಾಗಕ್ಕೂ ಹೋಗಲಿ. ಟೀಚರಿಗೆ ಮಾತ್ರ ಕಳಿಸಬೇಡಿ. ನಾಲ್ಕೇ ವಿಷಯ ಸಾಕು. ಮಗುವಿನ ಹೆಸರು, ಹುಟ್ಟಿದ ದಿನ, ತರಗತಿ. ‘ಐಡಿಯಾ ಕಾನೂನಿನಡಿ ಮಾತು, ಭಾಷೆ ಮತ್ತು ಶ್ರವಣದ ಪೂರ್ಣ ಮೌಲ್ಯಮಾಪನ ಕೋರುತ್ತೇವೆ’ ಅನ್ನುವ ನೇರ ವಾಕ್ಯ. ಮನೆಯಲ್ಲೂ ತರಗತಿಯಲ್ಲೂ ಕಂಡ ಎರಡು ಮೂರು ಉದಾಹರಣೆ. ಕೊನೆಗೆ, ಒಪ್ಪಿಗೆ ಪತ್ರ ಕಳಿಸಿ, ಇಲ್ಲವಾದರೆ ನಿರಾಕರಣೆಯನ್ನು ಕಾರಣಸಹಿತ ಬರೆದು ಕೊಡಿ ಅನ್ನುವ ಮಾತು. ಬರೆದು ಕೊಡುವುದು ಅವರ ಕಾನೂನುಬದ್ಧ ಕರ್ತವ್ಯ. ಕೇಳಿದರೆ ಒರಟಾಯಿತೇನೋ ಅನ್ನುವ ಸಂಕೋಚ ನಮ್ಮವರಿಗೆ ಬಹಳ. ದಯವಿಟ್ಟು ಅದನ್ನು ಬಿಡಿ. ಇಲ್ಲಿ ಯಾರೂ ಅದನ್ನು ಜಗಳ ಅಂದುಕೊಳ್ಳುವುದಿಲ್ಲ.

ಆಗ ಬರುವ ಉತ್ತರ ಹೆಚ್ಚಾಗಿ ಎರಡೇ ಬಗೆ. ಒಂದು, ‘ಮೊದಲು ಆರು ವಾರ ಚಿಕ್ಕ ಗುಂಪಿನಲ್ಲಿ ನೆರವು ಕೊಟ್ಟು ನೋಡುತ್ತೇವೆ.’ ನೆರವು ಕೊಡಲಿ, ಬೇಡ ಅನ್ನಬೇಡಿ. ಆದರೆ ಅದನ್ನೇ ನೆಪ ಮಾಡಿ ಮೌಲ್ಯಮಾಪನ ಮುಂದೂಡುವಂತಿಲ್ಲ ಎಂದು ಫೆಡರಲ್ ಶಿಕ್ಷಣ ಇಲಾಖೆ 2011ರಲ್ಲೇ ರಾಜ್ಯಗಳಿಗೆ ಬರೆದು ತಿಳಿಸಿದೆ. ಇನ್ನೊಂದು, ‘ಮನೆಯಲ್ಲಿ ಬೇರೆ ಭಾಷೆ ಅಲ್ಲವೇ, ಇಂಗ್ಲಿಷ್ ಕಲಿಯಲಿ, ಕಾಯೋಣ.’ ಇದು ಹೆಚ್ಚು ಅಪಾಯದ್ದು, ಕೇಳಲು ಸರಿಯೆನಿಸುತ್ತದೆ. ನಿಜವಾದ ಭಾಷಾ ತೊಂದರೆಯಿದ್ದರೆ ಅದು ಎರಡೂ ಭಾಷೆಯಲ್ಲಿ ಕಾಣುತ್ತದೆ. ಇಂಗ್ಲಿಷ್ ಸುಧಾರಿಸಲಿ ಎಂದು ಕಾದರೆ ಕಳೆಯುವುದು ಮಗುವಿನ ವರ್ಷ. ಮನೆಯಲ್ಲಿ ಕನ್ನಡ ನಿಲ್ಲಿಸಿ ಅನ್ನುವ ಸಲಹೆಯೂ ಬರಬಹುದು, ಕೇಳಬೇಡಿ. ಎರಡು ಭಾಷೆಯಿಂದ ಮಾತಿನ ದೋಷ ಬರುವುದಿಲ್ಲ.

ಮೂರು ವರ್ಷದೊಳಗಿನವರಿಗೆ ದಾರಿ ಬೇರೆ: ಅರ್ಲಿ ಇಂಟರ್ವೆನ್ಶನ್, ಅಂದರೆ ತೀರ ಚಿಕ್ಕ ಮಕ್ಕಳಿಗೆ ನೆರವು ಕೊಡುವ ರಾಜ್ಯದ ಕಾರ್ಯಕ್ರಮ. ಡಾಕ್ಟರ ಚೀಟಿ ಬೇಕಿಲ್ಲ, ನೀವೇ ಫೋನ್ ಮಾಡಬಹುದು. ಮೌಲ್ಯಮಾಪನ ಉಚಿತ, ಕರೆದ 45 ದಿನದೊಳಗೆ ಯಾವ ನೆರವು ಬೇಕು ಅನ್ನುವ ಯೋಜನೆಯ ಸಭೆ ಆಗಬೇಕು. ಆದರೆ ಮೂರನೇ ಹುಟ್ಟುಹಬ್ಬಕ್ಕೆ ಇನ್ನು 45 ದಿನವೂ ಇಲ್ಲದಾಗ ಕರೆದರೆ ಅವರು ನೋಡಲೇಬೇಕೆಂದಿಲ್ಲ, ಶಾಲಾ ಜಿಲ್ಲೆಗೆ ಕಳಿಸಿಬಿಡುತ್ತಾರೆ. ಎರಡೂ ಮುಕ್ಕಾಲು ವರ್ಷದ ಮಗುವನ್ನು ಕರೆದುಕೊಂಡು ಮೂರು ತಿಂಗಳು ಊರಿಗೆ ಹೋಗುವವರು ಹೊರಡುವ ಮೊದಲೇ ಫೋನ್ ಮಾಡಿ.

ಮಾತಿಗಿಂತ ಮೊದಲು ಕಿವಿ. ಹುಟ್ಟಿದಾಗ ಆಸ್ಪತ್ರೆಯಲ್ಲಿ ಪಾಸಾದದ್ದು ಇವತ್ತಿಗೆ ಸಾಕ್ಷಿಯಲ್ಲ, ಶ್ರವಣದೋಷ ಆಮೇಲೂ ಬರುತ್ತದೆ. ಶಾಲೆಯ ಸ್ಕ್ರೀನಿಂಗ್ ಎಂದರೆ ಸಾಮಾನ್ಯವಾಗಿ 1000, 2000, 4000 ಹರ್ಟ್ಸ್‌ನಲ್ಲಿ 20 ಡೆಸಿಬೆಲ್ ಶಬ್ದಕ್ಕೆ ಕೈ ಎತ್ತುವುದು, ಅಷ್ಟೇ. ನೆಗಡಿಯ ನಂತರ ನಡುಗಿವಿಯಲ್ಲಿ ನೀರು ನಿಂತ ಮಗು ಒಂದು ವಾರ ಪಾಸಾಗಿ ಮುಂದಿನ ವಾರ ಫೇಲಾಗಬಹುದು. ಅದಕ್ಕೇ ಆಡಿಯೋಗ್ರಾಮಿನ (ಎಷ್ಟು ಕೇಳಿಸುತ್ತದೆ ಅನ್ನುವ ನಕ್ಷೆ) ಜೊತೆಗೆ ಟಿಂಪನೋಗ್ರಾಮನ್ನೂ (ಕಿವಿಯ ತಮಟೆ ಎಷ್ಟು ಅಲುಗುತ್ತದೆ ಅನ್ನುವ ನಕ್ಷೆ) ಕೇಳಿ: ಗುಡ್ಡದ ಹಾಗೆ ಏಳಬೇಕಾದ ಗೆರೆ ಚಪ್ಪಟೆಯಾಗಿದ್ದರೆ ನೀರು ನಿಂತಿರುವ ಶಂಕೆ. ಇಂಡಿಯಾದಲ್ಲಿ ಮಾತು, ಕಿವಿ ಎರಡನ್ನೂ ಒಂದೇ ಪದವಿಯಲ್ಲಿ ಓದುತ್ತಾರೆ. ಇಲ್ಲಿ ಸ್ಪೀಚ್ ಪೆಥಾಲಜಿಸ್ಟ್ ಬೇರೆ, ಆಡಿಯಾಲಜಿಸ್ಟ್ ಬೇರೆ, ಅಪಾಯಿಂಟ್‌ಮೆಂಟೂ ಬೇರೆ. ಈ ವಿಷಯದಲ್ಲಿ ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಪದ್ಧತಿಯೇ ಮೇಲು: ಕಿವಿ, ಮಾತು, ಮನಶ್ಶಾಸ್ತ್ರ ಎಲ್ಲ ಒಂದೇ ಆವರಣದಲ್ಲಿ, ಪರೀಕ್ಷೆಯೂ ಮಗುವಿನ ಭಾಷೆಯಲ್ಲಿ. ಇಲ್ಲಿಯ ಹೆಚ್ಚುಗಾರಿಕೆ ಎಂದರೆ ಸೇವೆ ಕೇಳಿ ಪಡೆಯುವ ಹಕ್ಕು ಕಾನೂನಿನಲ್ಲಿದೆ.

ಪರೀಕ್ಷೆಯ ಕೋಣೆಯಲ್ಲಿ ಆಗುವುದನ್ನು ನೋಡಿ. ಹೆಬ್ಬೆರಳಿನ ಚಿತ್ರ ತೋರಿಸಿದರೆ ಮಗು ‘ತಮ್’ ಅನ್ನುತ್ತದೆ. ಇಂಗ್ಲಿಷಿನವರು ನಾಲಿಗೆ ತುದಿಯನ್ನು ಹಲ್ಲಿನ ನಡುವೆ ತಂದು ಉಸಿರು ಬಿಡುವ ಆ ಧ್ವನಿ ಕನ್ನಡದಲ್ಲಿಲ್ಲ. ಬಸ್ ತೋರಿಸಿದರೆ ‘ಬಸ್ಸು’, ಕಾರ್ ತೋರಿಸಿದರೆ ‘ಕಾರು’. ನಮ್ಮ ಪದಗಳು ಸ್ವರದಲ್ಲೇ ಮುಗಿಯುವುದು. ತಿಳಿಯದವರು ಇವನ್ನೆಲ್ಲ ತಪ್ಪು ಎಂದು ಗುರುತು ಹಾಕುತ್ತಾರೆ. ಇಂಗ್ಲಿಷ್ ಪರೀಕ್ಷೆಗಳಲ್ಲಿ ಸರಾಸರಿ ಅಂಕ 100. ಆ ಅಳತೆ ನಿಂತಿರುವುದು ಇಂಗ್ಲಿಷ್ ಆಡುವ ಮಕ್ಕಳ ಮೇಲೆ. ಪ್ರಶ್ನೆಗಳನ್ನು ಕನ್ನಡಕ್ಕೆ ಅನುವಾದಿಸಿ ಕೇಳಿ, ಅದೇ ಕೋಷ್ಟಕದಿಂದ ಅಂಕ ಬರೆದರೆ ಆ ಅಂಕಕ್ಕೆ ಬೆಲೆಯಿಲ್ಲ. ಮಗುವಿನ ಭಾಷೆಯಲ್ಲಿ ಪರೀಕ್ಷಿಸಬೇಕು, ಸ್ಪಷ್ಟವಾಗಿ ಅಸಾಧ್ಯವಾದರೆ ಮಾತ್ರ ವಿನಾಯಿತಿ ಎಂದು ಕಾನೂನೇ ಹೇಳುತ್ತದೆ.

ಕನ್ನಡ ಬಲ್ಲ ಪರೀಕ್ಷಕರು ಸಿಗುವುದು ಅಪರೂಪ. ಹಾಗಾಗಿ ಪುರಾವೆ ನೀವು ಒಯ್ಯಿರಿ. ಆಟವಾಡುವಾಗ ಹದಿನೈದು ಇಪ್ಪತ್ತು ನಿಮಿಷ ರೆಕಾರ್ಡ್ ಮಾಡಿ, ಮಗು ಆಡಿದ 50 ಮಾತನ್ನು ಆಡಿದ ಹಾಗೇ ಬರೆಯಿರಿ, ತಿದ್ದಬೇಡಿ. ಕೆಳಗೆ ಪದಕ್ಕೆ ಪದ ಇಂಗ್ಲಿಷ್ ಅರ್ಥ. ನಾಲ್ಕೂವರೆ ವರ್ಷದ ಮಗು ‘ಮನೆಗೆ ಹೋಗೋಣ’ ಅನ್ನದೆ ‘ಮನೆ ಹೋಗು’ ಅನ್ನುತ್ತಿದ್ದರೆ, ‘ಅಕ್ಕ ಬಂದಳು’ ಬದಲು ಯಾವಾಗಲೂ ‘ಅಕ್ಕ ಬಂದ’ ಅನ್ನುತ್ತಿದ್ದರೆ, ಆ ಬಿಟ್ಟುಹೋದ, ತಪ್ಪಿದ ಪ್ರತ್ಯಯಗಳೇ ಮುಖ್ಯ ಸುಳಿವು. ದುಭಾಷಿ ಬಂದರೆ, ಮಗು ಆಡಿದ್ದನ್ನು ತಿದ್ದದೆ ಹಾಗೇ ಹೇಳಬೇಕು ಅಂತ ಪರೀಕ್ಷೆಗೆ ಮೊದಲೇ ಅವರಿಗೆ ಹೇಳಿಸಿ. ಒಳ್ಳೆಯ ಮನಸ್ಸಿನಿಂದಲೇ ಅವರು ಮಗುವಿನ ಮುರುಕು ಕನ್ನಡವನ್ನು ಚೆಂದದ ಇಂಗ್ಲಿಷ್ ಮಾಡಿ ಹೇಳುತ್ತಾರೆ, ಅಲ್ಲಿಗೆ ತೊಂದರೆ ವರದಿಯಿಂದ ಮಾಯವಾಗುತ್ತದೆ. ದುಭಾಷಿಯ ಕೆಲಸವನ್ನು ಅಪ್ಪ ಅಮ್ಮ ಮಾಡಬಾರದು. ಗೊತ್ತಿಲ್ಲದೆಯೇ ಸುಳಿವು ಕೊಟ್ಟುಬಿಡುತ್ತೇವೆ.

ಎಲ್ಲ ಇಂಗ್ಲಿಷಿನಲ್ಲೇ ಮುಗಿಸಿ ‘ತೊಂದರೆ ಇಲ್ಲ’ ಎಂದೋ ‘ಇದೆ’ ಎಂದೋ ವರದಿ ಬಂದು, ನಿಮಗೆ ಒಪ್ಪಿಗೆಯಾಗದಿದ್ದರೆ ಖಾಸಗಿ ಕ್ಲಿನಿಕ್ಕಿಗೆ ಓಡುವ ಮೊದಲು ಮತ್ತೊಂದು ಇಮೇಲ್ ಕಳಿಸಿ: ‘ಈ ಮೌಲ್ಯಮಾಪನ ಒಪ್ಪುವುದಿಲ್ಲ, ಸಾರ್ವಜನಿಕ ವೆಚ್ಚದಲ್ಲಿ ಸ್ವತಂತ್ರ ಮೌಲ್ಯಮಾಪನ ಕೋರುತ್ತೇವೆ.’ ಆಗ ಜಿಲ್ಲೆಗೆ ಇರುವುದು ಎರಡೇ ದಾರಿ, ಹೊರಗಿನ ಪರೀಕ್ಷಕರ ದುಡ್ಡು ಕೊಡುವುದು ಇಲ್ಲವೇ ತಮ್ಮ ಪರೀಕ್ಷೆ ಸರಿಯಿತ್ತು ಎಂದು ವಿಚಾರಣೆಯಲ್ಲಿ ಸಾಧಿಸುವುದು. ಎರಡೂ ಇಮೇಲಿನಲ್ಲಿ ತಾರೀಖು ಇರಲಿ.